ಇಷ್ಟವಾದದ್ದನ್ನು ಬಿಡುವುದು

ಕಡುಬುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಎದ್ದದ್ದು ಆಷಾಢದ ಒಂದು ಮಧ್ಯಾಹ್ನ. ಹೊರಗೆ ನಮ್ಮ ಕಡೆಯ ಮಳೆ. ಎದುರಿನ ತೆಂಗಿನ ಮರ ಕಾಣದಷ್ಟು. ಇಂಥ ಹೊತ್ತಿನಲ್ಲಿ ಮನುಷ್ಯನ ಮನಸ್ಸು ವೇದಾಂತದ ಕಡೆಗೆ ಹರಿಯಬೇಕು, ಇಲ್ಲವೆ ತಿಂಡಿಯ ಕಡೆಗೆ. ನಮ್ಮದು ಎರಡನೆಯ ದಾರಿಯನ್ನು ಹಿಡಿಯಿತು.

ಬೈಂದೂರಿನ ಕಡೆಯಿಂದ ಬರುವ ಮಿತ್ರರೊಬ್ಬರು ಹಲಸಿನ ಹಣ್ಣಿನ ಕಡುಬಿನ ಪಕ್ಷ. ಬ್ರಹ್ಮಾವರದವರು ಅರಸಿನ ಎಲೆಯ ಕಡುಬಿಗಿಂತ ಮಿಗಿಲಾದದ್ದು ಭೂಮಿಯ ಮೇಲಿಲ್ಲ ಎಂದರು. ಅದನ್ನು ಕೊಂಕಣಿಗರು ಪಾತೋಳಿ ಎನ್ನುತ್ತಾರೆ. ನಾಗರಪಂಚಮಿಗೆ ಅವರ ಮನೆಗಳಲ್ಲಿ ಅದು ಆಗಲೇಬೇಕು. ನಮ್ಮ ಕ್ರೈಸ್ತ ಮಿತ್ರರ ಮನೆಯಲ್ಲಿಯೂ ಅದೇ ಪಾತೋಳಿ. ಹೀಗೆ ದೇವರು ಬೇರೆಯಾದರೂ ಎಲೆ ಒಂದೇ ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ, ಹೇಳಿದ್ದರೆ ಚರ್ಚೆ ಭಾಷಣವಾಗುತ್ತಿತ್ತು. ಕುಂದಾಪುರದವನೇ ಆದ ನಮ್ಮ ಗುಮಾಸ್ತ ಮಾತ್ರ ಸಿಹಿಯನ್ನೆಲ್ಲ ಬದಿಗೊತ್ತಿ, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಉದ್ದಿನ ಕಡುಬಿಗೆ ಕೋಳಿ ಸಾರನ್ನು ಸೇರಿಸಿ ತಿನ್ನದವನಿಗೆ ಈ ವಿಷಯದಲ್ಲಿ ಮತ ಹಾಕುವ ಹಕ್ಕೇ ಇಲ್ಲ ಎಂದು ತೀರ್ಪು ಕೊಟ್ಟ. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಬೇರೆ ಬೇರೆ ತಾಲೂಕುಗಳಾದವಲ್ಲ, ಗಡಿ ಗುರುತಿಸುವಾಗ ನದಿ ಹೊಳೆಗಳ ಬದಲು ಕಡುಬನ್ನು ಹಿಡಿದಿದ್ದರೂ ಆಗುತ್ತಿತ್ತೇನೋ ಎನ್ನಿಸಿತು.

ಇಂಗ್ಲಿಷ್ ಕಾದಂಬರಿಗಳನ್ನು ಮೊದಮೊದಲು ಓದುವಾಗ ಅದರಲ್ಲಿ ಬರುವ ‘ಪೈ’ ಎಂಬ ತಿನಿಸು ನನ್ನನ್ನು ಬಹಳ ಕಾಡಿತ್ತು. ನಮಗೆ ಗೊತ್ತಿದ್ದ ಪೈ ಎರಡೇ: ಒಂದು, 1957ರಲ್ಲಿ ನಯಾಪೈಸೆ ಬಂದು ಕಾಲವಾದ, ಆಣೆಗೆ ಹನ್ನೆರಡರ ಲೆಕ್ಕದ ಕಾಸು, ಇನ್ನೊಂದು, ಪೇಟೆಯಲ್ಲಿ ಜೀನಸಿನ ಅಂಗಡಿ ಇಟ್ಟ ಮಾಮ್. ಇವೆರಡನ್ನೂ ಒಲೆಯಲ್ಲಿ ಬೇಯಿಸಿ ತಿನ್ನುವುದು ಸಾಧ್ಯವಿರಲಿಲ್ಲ. ಆಮೇಲೆ ತಿಳಿಯಿತು, ಹಿಟ್ಟಿನ ಹೊದಿಕೆಯೊಳಗೆ ಹಣ್ಣನ್ನಾಗಲಿ ಮಾಂಸವನ್ನಾಗಲಿ ಬಚ್ಚಿಟ್ಟು ಬೇಯಿಸಿದ್ದು ಅದು ಎಂದು. ಅಂದರೆ ಅವರ ಕಡುಬು. ಅವರಲ್ಲಿಯೂ ಸಿಹಿಯ ಪಕ್ಷ ಖಾರದ ಪಕ್ಷ ಇರಬಹುದು. ಬೆಂಕಿಯ ಒಣ ಶಾಖದಲ್ಲಿ ಬೇಯುವುದು ಅವರದು, ಹಬೆಯಲ್ಲಿ ಬೇಯುವುದು ನಮ್ಮದು. ಅವರಿಗೆ ಹೊದಿಕೆ ತಿನ್ನಲು ಬರುತ್ತದೆ, ನಮಗೆ ಎಲೆಯ ಹೊದಿಕೆಯನ್ನು ಬಿಚ್ಚಿ ಎಸೆಯಬೇಕು. ಆದರೆ ಆ ಎಲೆ ತನ್ನ ವಾಸನೆಯನ್ನು ಒಳಗೆ ಬಿಟ್ಟು ಹೋಗುತ್ತದೆ.

ಕೊಠಡಿಯಲ್ಲಿ ನನ್ನ ಸರದಿ ಬಂದಾಗ ನಾನೂ ಹಲಸಿನ ಹಣ್ಣಿನ ಕಡುಬು ಎಂದೆ. ಒಡನೆ ಪಕ್ಕದವರು ಕೇಳಿದರು: “ನೀವು ಗಯೆಗೆ ಹೋಗಿ ಬಂದವರಲ್ಲವೆ? ಅಷ್ಟು ಇಷ್ಟವಾದದ್ದನ್ನು ಅಲ್ಲಿ ಬಿಡಲಿಲ್ಲವೆ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನ ಕೊಡೆಯ ಜೊತೆಯಲ್ಲೇ ಮನೆಗೆ ಬಂತು.

ಪದ್ಧತಿ ಓದುಗರಿಗೆ ತಿಳಿಯದ್ದೇನಲ್ಲ. ಕಾಶಿ ಗಯೆಗಳಿಗೆ ಹೋದವರು ಅಲ್ಲಿ ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯನ್ನೋ ಎಲೆಯನ್ನೋ ಬಿಟ್ಟು ಬರಬೇಕು. ಮತ್ತೆ ಜನ್ಮದಲ್ಲಿ ಅದನ್ನು ಮುಟ್ಟಬಾರದು. ಗಯೆಯ ಅಕ್ಷಯವಟದ ಕೆಳಗೆ ಪಿತೃಗಳ ಕಾರ್ಯ ಮುಗಿದ ಮೇಲೆ ಈ ಬಿಡುವ ಸಂಕಲ್ಪ. ಮಾತು ಬಹಳ ಸರಳ. ಆದರೆ ಅದು ಆಚರಣೆಯಲ್ಲಿ ಏನಾಗಿದೆ ಎಂಬುದೂ ನಿಮಗೆ ಗೊತ್ತು. ನಮ್ಮ ಕಡೆಯಿಂದ ಹೋದ ಗಂಡಸರು ಬಿಟ್ಟು ಬಂದ ಪದಾರ್ಥಗಳನ್ನೆಲ್ಲ ಒಂದು ಕಡೆ ರಾಶಿ ಹಾಕಿದರೆ ಹಾಗಲಕಾಯಿಯದೊಂದು ಗುಡ್ಡವೂ ಸೋರೆಕಾಯಿಯದೊಂದು ಗುಡ್ಡವೂ ಆದೀತು. ಮಾವಿನ ಹಣ್ಣು ಅಲ್ಲೊಂದು ಇಲ್ಲೊಂದು ಕಂಡರೆ ಅದು ಯಾರೋ ಭೋಳೆ ಸ್ವಭಾವದವರದು. ನನ್ನ ತಂದೆ ಬಿಟ್ಟದ್ದು ಹಾಗಲಕಾಯಿ. ಅವರು ತೀರಿಕೊಂಡ ವರ್ಷ ಕಳೆದು, ಮೂರು ವರ್ಷಗಳ ಹಿಂದೆ ನಾನು ಗಯೆಗೆ ಹೋದಾಗ ಬಿಟ್ಟದ್ದು ನವಿಲುಕೋಸು. ಪಿತ್ರಾರ್ಜಿತವೆಂದರೆ ಆಸ್ತಿಯೊಂದೇ ಅಲ್ಲ.

ಊರಿಗೆ ಬಂದ ದಿನ ಅಮ್ಮ ಕೇಳಿದಳು, “ಎಂತ ಬಿಟ್ಟದ್ದ್ ಮಾಣಿ?” ನಾನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನವಿಲ್ಕೋಸಾ? ಅದನ್ನ ನೀ ತಿಂದದ್ದ್ ಯಾವಾಗ?” ಎಂದು ಕೇಳಿ ಒಳಗೆ ಹೋದಳು. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಬರೀ ಲೆಕ್ಕ ಕೇಳಿದ ಹಾಗಿತ್ತು.

ಕಠೋಪನಿಷತ್ತಿನ ಪ್ರಾರಂಭವನ್ನು ನಾನು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಕತೆಯಾಗಿ ಹೇಳಿದ್ದೇನೆ. ವಾಜಶ್ರವಸನು ಸರ್ವಸ್ವವನ್ನೂ ದಾನ ಮಾಡುವ ಯಾಗಕ್ಕೆ ತೊಡಗುತ್ತಾನೆ. ದಕ್ಷಿಣೆಗೆಂದು ಹಸುಗಳು ಸಾಲಾಗಿ ಹೋಗುತ್ತವೆ. ಅವು ಎಂಥ ಹಸುಗಳು? ಕುಡಿಯುವ ನೀರು ಕುಡಿದು ಮುಗಿದವು, ತಿನ್ನುವ ಹುಲ್ಲು ತಿಂದು ಮುಗಿದವು, ಕರೆಯುವ ಹಾಲು ಕರೆದು ಮುಗಿದವು. ಅದನ್ನು ನೋಡುತ್ತ ನಿಂತ ಹುಡುಗ ನಚಿಕೇತನಿಗೆ ಸಹಿಸಲಾಗುವುದಿಲ್ಲ. ನನ್ನನ್ನು ಯಾರಿಗೆ ಕೊಡುತ್ತೀ ಎಂದು ಅಪ್ಪನನ್ನು ಒಂದಲ್ಲ ಮೂರು ಸಲ ಕೇಳುತ್ತಾನೆ. ಅಪ್ಪನಿಗೆ ಸಿಟ್ಟು ಬಂದು, ಮೃತ್ಯುವಿಗೆ ಎನ್ನುತ್ತಾನೆ. ಮುಂದೆ ಯಮನು ಆ ಹುಡುಗನಿಗೆ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ಬೋಧಿಸುವ ಭಾಗವೇ ವಿದ್ವಾಂಸರಿಗೆ ಮುಖ್ಯ. ಪಾಠ ಹೇಳುವಾಗ ನಾನೂ ಅಲ್ಲಿಗೇ ಓಡುತ್ತಿದ್ದೆ. ಈಗ ಆ ಬಡಕಲು ಹಸುಗಳ ಹತ್ತಿರವೇ ನಿಂತುಬಿಡುತ್ತೇನೆ. ಹಿಂದಿನಿಂದ ನವಿಲುಕೋಸಿನ ಬುಟ್ಟಿ ಹೊತ್ತು ಬರುವವನ ಮುಖ ನನಗೆ ಪರಿಚಯದ್ದು.

ನನ್ನ ಪರವಾಗಿಯೂ ನಾಲ್ಕು ಮಾತು ಹೇಳಿಕೊಳ್ಳದೆ ಇರಲಾರೆ. ತಿನ್ನುವ ವಸ್ತುವೊಂದನ್ನು ನಾನು ಬಿಟ್ಟರೆ ಲೋಕಕ್ಕೆ ಆಗುವ ಉಪಕಾರವೇನು? ನಾನು ತಿನ್ನದ ಕಡುಬು ಹಸಿದವನ ಬಾಯಿಗೆ ಹೋಗುವುದಿಲ್ಲ. ನನ್ನ ತಮ್ಮನ ಬಾಯಿಗೆ ಹೋಗುತ್ತದೆ. ಸತ್ತ ತಂದೆಗೆ ನನ್ನ ನಾಲಗೆ ಬರಡಾಗುವುದರಿಂದ ಸಂತೋಷವೆ? ಗ್ರೀಸಿನ ಎಪಿಕ್ಯೂರಸನನ್ನು ಜನ ಸುಖಲೋಲುಪ ಎಂದು ಹೆಸರು ಕೆಡಿಸಿದ್ದಾರೆ; ಆ ಮನುಷ್ಯ ರೊಟ್ಟಿ ನೀರಿನಲ್ಲಿ ತೃಪ್ತನಾಗಿದ್ದು, ಹಬ್ಬದೂಟ ಮಾಡಬೇಕೆನಿಸಿದರೆ ಸ್ನೇಹಿತನಿಗೆ ಒಂದು ಪುಟ್ಟ ಗಡಿಗೆ ಗಿಣ್ಣನ್ನು ಕಳಿಸು ಎಂದು ಬರೆದವನು. ಅವನು ಗಿಣ್ಣನ್ನು ಬಿಡಲಿಲ್ಲ, ಅಪರೂಪ ಮಾಡಿಕೊಂಡ. ಅದೇ ಹೆಚ್ಚು ವಿವೇಕವಲ್ಲವೆ? ಇನ್ನು ಗಾಂಧೀಜಿ. 1915ರ ಕುಂಭಮೇಳದಲ್ಲಿ, ಹರಿದ್ವಾರದಲ್ಲಿ, ಅವರೂ ಒಂದು ವ್ರತ ತೊಟ್ಟರು: ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥ ತಿನ್ನುವುದಿಲ್ಲ, ಕತ್ತಲಾದ ಮೇಲೆ ಉಣ್ಣುವುದಿಲ್ಲ. 1930ರಲ್ಲಿ ಯರವಡಾ ಸೆರೆಮನೆಯಿಂದ ಆಶ್ರಮಕ್ಕೆ ಬರೆದ ಪತ್ರಗಳಲ್ಲಿ ಅಸ್ವಾದವನ್ನು ವ್ರತಗಳ ಸಾಲಿಗೆ ಸೇರಿಸಿ, ಅನ್ನವನ್ನು ಔಷಧದಂತೆ ತೆಗೆದುಕೊಳ್ಳಬೇಕು ಎಂಬ ಅರ್ಥದಲ್ಲಿ ವಿವರಿಸಿದರು. 1934ರಲ್ಲಿ ಹರಿಜನ ಪ್ರವಾಸದಲ್ಲಿ ಅವರು ನಮ್ಮ ಕುಂದಾಪುರಕ್ಕೂ ಬಂದಿದ್ದರು. ಆ ಮಹಾತ್ಮನ ಮುಂದೆ ತಲೆ ಬಾಗುತ್ತೇನೆ, ಆದರೆ ಕಡುಬನ್ನು ಔಷಧದಂತೆ ನುಂಗುವುದನ್ನು ಒಪ್ಪಲಾರೆ. ಹಾಗೆ ನುಂಗುವುದು ಕಡುಬಿಗೂ ಅದನ್ನು ಮಾಡಿದವರಿಗೂ ಅವಮರ್ಯಾದೆ.

ವಾದ ಇಲ್ಲಿಗೆ ನನ್ನ ಕಡೆ ಚೆನ್ನಾಗಿಯೇ ನಿಂತಿದೆ. ಕೆಡುವುದು ಅಮ್ಮನಿಂದ.

ಅಮ್ಮ ಬಿಟ್ಟದ್ದು ಹಲಸಿನ ಹಣ್ಣು. ನಾನಾಗ ಒಂಬತ್ತು ವರ್ಷದವನು. ಕೊಂಕಣ ರೈಲು ಪೂರ್ತಿಯಾಗಿ ಓಡಲು ತೊಡಗಿದ್ದು 1998ರಲ್ಲಿ; ಇದು ಅದಕ್ಕೂ ಮುಂಚಿನ ಮಾತು. ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ಅಲ್ಲಿಂದ ಎಷ್ಟೋ ದಿನದ ರೈಲು ಪ್ರಯಾಣ ಮಾಡಿ ತಂದೆಯ ಜೊತೆ ಕಾಶಿ ಗಯೆಗಳನ್ನು ಮುಗಿಸಿ ಬಂದಳು. ತಂದದ್ದು ಗಂಗೆಯ ಗಿಂಡಿ, ಕಪ್ಪು ದಾರ, ನನಗೊಂದು ಬಣ್ಣದ ಮರದ ಬುಗುರಿ. ಬಿಟ್ಟದ್ದರ ಸುದ್ದಿ ಮುಂದಿನ ಬೇಸಗೆಯ ತನಕ ನಮಗೆ ಗೊತ್ತಾಗಲಿಲ್ಲ.

ಹಲಸನ್ನು ಬಿಡುವುದೆಂದರೆ ಏನೆಂದು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗೆ ಎರಡು ಮಾತು. ಹಲಸು ನಮ್ಮಲ್ಲಿ ಬರೀ ಹಣ್ಣಲ್ಲ. ಎಳೆಯ ಗುಜ್ಜೆಯಿಂದ ಹಿಡಿದು ಬೆಳೆದ ಕಾಯಿಯ ಹುಳಿ, ಹಪ್ಪಳ, ಬೀಜದ ಸಾಂಬಾರು, ಕೊನೆಗೆ ಹಣ್ಣು ಎಂದು ಮಾರ್ಚಿಯಿಂದ ಮಳೆಗಾಲದ ತನಕ ಅಡಿಗೆ ಮನೆಯನ್ನು ಆಳುವುದೇ ಅದು. ಬಕ್ಕೆಯ ಗಟ್ಟಿ ತೊಳೆಯನ್ನು ಹಾಗೆಯೇ ತಿನ್ನುತ್ತೇವೆ. ಕಡುಬಿಗೆ ಬೇಕಾದದ್ದು ತುಳುವ, ಬೆರಳಿಗೆ ಸಿಕ್ಕದೆ ಜಾರುವ ಮೆತ್ತನೆಯ ಜಾತಿ. ನೆನೆಸಿದ ಅಕ್ಕಿಯನ್ನು ತರಿಯಾಗಿ ಬೀಸಿ, ಹಣ್ಣು, ಬೆಲ್ಲ, ಕಾಯಿತುರಿ, ಒಂದು ಚಿಟಿಕೆ ಉಪ್ಪು ಸೇರಿಸಿ, ಬಾಡಿಸಿದ ಬಾಳೆಲೆಯಲ್ಲೋ ಸಾಗುವಾನಿಯ ಎಲೆಯಲ್ಲೋ ಮಡಿಸಿ ಹಬೆಗೆ ಇಡಬೇಕು. ಸಾಗುವಾನಿಯಾದರೆ ಕಡುಬಿನ ಮೈಗೆ ಕೆಂಪು ಹತ್ತುತ್ತದೆ. ಬಿಸಿಯಿರುವಾಗ ತುಪ್ಪ, ತಣಿದ ಮೇಲೆ ಬೇಕಾದರೆ ಖಾರದ ಚಟ್ನಿ. ಬೆಲ್ಲ ಎಷ್ಟು ಹಾಕಬೇಕೆಂಬುದು ಹಣ್ಣನ್ನು ಅವಲಂಬಿಸಿದ್ದು. ಮಳೆ ಬಿದ್ದ ಮೇಲೆ ಹಣ್ಣು ನೀರಾಗುತ್ತದೆ, ಬೆಲ್ಲ ಏರಬೇಕು. ಅಂದರೆ ರುಚಿ ನೋಡದೆ ಕಡುಬಿನ ಹಿಟ್ಟು ಆಗುವುದಿಲ್ಲ.

ಅಮ್ಮ ರುಚಿ ನೋಡುವಂತಿಲ್ಲ. ಆದ್ದರಿಂದ ಹಿಟ್ಟನ್ನು ಅಂಗೈಯ ಮೇಲೆ ಹಾಕಿ ನನ್ನನ್ನು ಕರೆಯುತ್ತಿದ್ದಳು. “ಸಿಹಿ ಸಾಕಾ ಕಾಣ್.” ನಾನು ನ್ಯಾಯಾಧೀಶನ ಗತ್ತಿನಿಂದ ನೆಕ್ಕಿ, ಇನ್ನಷ್ಟು ಬೇಕು ಎನ್ನುತ್ತಿದ್ದೆ, ಸಾಕಾಗಿದ್ದರೂ ಎನ್ನುತ್ತಿದ್ದೆ. ಅವಳು ನನ್ನ ಮಾತಿನ ಮೇಲೆಯೇ ಬೆಲ್ಲ ಹಾಕುತ್ತಿದ್ದಳು. ಮೂವತ್ತೈದು ವರ್ಷಗಳಿಂದ ನಮ್ಮ ಮನೆಯ ಹಲಸಿನ ಕಡುಬು ಮಾಡಿದವಳ ನಾಲಗೆಯ ಅಳತೆಯದಲ್ಲ, ಒಬ್ಬ ದುರಾಸೆಯ ಹುಡುಗನ ನಾಲಗೆಯ ಅಳತೆಯದು. ಊರಿನವರು ಅದನ್ನೇ ಹೊಗಳುತ್ತಾರೆ.

ನಾನು ರಸಸಿದ್ಧಾಂತವನ್ನು ಪಾಠ ಹೇಳುವವನು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನು ರಸವೆಂದರೇನೆಂದು ತಿಳಿಸಲು ಹಿಡಿದ ದೃಷ್ಟಾಂತವೇ ಊಟದ್ದು: ನಾನಾ ವ್ಯಂಜನಗಳಿಂದ ಸಂಸ್ಕಾರ ಪಡೆದ ಅನ್ನವನ್ನು ಉಣ್ಣುವವರು ರಸವನ್ನು ಸವಿಯುವಂತೆ ಪ್ರೇಕ್ಷಕರು ಭಾವವನ್ನು ಸವಿಯುತ್ತಾರೆ ಎಂದು. ಮುಂದೆ ಬಂದವರು, ಸಹೃದಯನ ಆನಂದದಲ್ಲಿ ‘ನನ್ನದು’ ಎಂಬುದಿಲ್ಲ ಎಂದರು. ಇದನ್ನು ಅಮ್ಮನಿಗೆ ಅನ್ವಯಿಸಿ, ನಾವು ತಿಂದದ್ದನ್ನು ನೋಡಿಯೇ ಅವಳು ಕಡುಬಿನ ರಸವನ್ನು ನಮಗಿಂತ ಹೆಚ್ಚು ಸವಿದಳು ಎಂದು ಬಹಳ ಕಾಲ ನಂಬಿದ್ದೆ. ಒಂದು ಭಾಷಣದಲ್ಲಿ ಹೇಳಿಯೂ ಬಿಟ್ಟೆ, ಚಪ್ಪಾಳೆ ಬಿತ್ತು. ಈಗ ಆ ಚಪ್ಪಾಳೆಯ ನೆನಪಾದರೆ ಕಿವಿ ಬಿಸಿಯಾಗುತ್ತದೆ. ‘ಮಕ್ಕಳು ತಿಂದರೆ ತಾಯಿಗೆ ಹೊಟ್ಟೆ ತುಂಬುತ್ತದೆ’ ಎಂದು ಹೇಳಿದವರು ಯಾರು, ತಿಂದವರೆ ತಿನ್ನದವರೆ? ವಿಚಾರಿಸಿ ನೋಡಿ. ಆ ಮಾತನ್ನು ನಾನು ಕೇಳಿದ್ದೆಲ್ಲ ತಿಂದವರ ಬಾಯಿಂದಲೇ. ತಾಯಂದಿರೂ ಹೇಳುತ್ತಾರೆ ನಿಜ. ನಾವು ಕೇಳಲು ಇಷ್ಟಪಡುವುದನ್ನು ಅವರು ಬಲ್ಲರು.

ಹಾಗಾದರೆ ಅಮ್ಮ ಮಾಡಿದ್ದು ಮಹಾತ್ಯಾಗ, ನಾನು ಮಾಡಿದ್ದು ವಂಚನೆ ಎಂದು ಲೇಖನವನ್ನು ಇಲ್ಲಿಗೇ ಮುಗಿಸಬಹುದಿತ್ತು. ನಾನೂ ಹಾಗೆಯೇ ತಿಳಿದಿದ್ದೆ. ಅಧ್ಯಾಪಕರ ಕೊಠಡಿಯ ಆ ಮಧ್ಯಾಹ್ನ ಮನೆಗೆ ಬಂದವನು, ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, ಅಮ್ಮನನ್ನು ಕೇಳಿದೆ: ಅಷ್ಟೊಂದು ಇಷ್ಟವಾದ ಹಣ್ಣನ್ನು ಹೇಗೆ ಬಿಟ್ಟೆ? ಅವಳು ಹೂಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ಅಲ್ಲಿ ಭಟ್ರ್ ಕೇಂಡ್ರ್, ನಿಮ್ಗೆ ಎಂತ ಇಷ್ಟ ಅಮ್ಮಾ ಅಂದ್ಹೇಳಿ. ಅಲ್ಲಿವರಿಗೆ ಅದ್ನ ನನ್ನತ್ರ ಯಾರೂ ಕೇಂಡಿರ್ಲಿಲ್ಲ. ಏನ್ ಹೇಳುಕೂ ಗೊತ್ತಾಯ್ಲಿಲ್ಲ. ಸುಮಾರ್ ಹೊತ್ತ್ ಆಲೋಚ್ನೆ ಮಾಡ್ದೆ. ಹಲ್ಸಿನ್ ಹಣ್ಣ್ ನೆನಪಾಯ್ತ್. ಹೇಳ್ಬಿಟ್ಟೆ. ಹೇಳಿದ್ ಮೇಲೆ ಬಿಡ್ಕಾಯ್ತ್.”

ಕನ್ನಡದಲ್ಲಿ ‘ಬಿಡು’ ಎಂಬ ಧಾತು ಇನ್ನೊಂದು ಕ್ರಿಯಾಪದದ ಬೆನ್ನಿಗೆ ನಿಂತಾಗ ಏನು ಅರ್ಥ ಕೊಡುತ್ತದೆ ಎಂಬುದನ್ನು ನಾನು ಕರಿಹಲಗೆಯ ಮೇಲೆ ಬರೆದು ತೋರಿಸುವವನು. ‘ಹೇಳಿಬಿಟ್ಟೆ’ ಎಂಬಲ್ಲಿ ಬಿಡುವುದೇನೂ ಇಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ.

ಅಮ್ಮನಿಗೆ ಆಗ ಮೂವತ್ತೆಂಟು. ಮದುವೆಯಾಗಿ ನಮ್ಮ ಮನೆಗೆ ಬಂದು ಹದಿನೆಂಟು ವರ್ಷ. ಆ ಹದಿನೆಂಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೆ ಯಾವ ಕಡುಬು ಇಷ್ಟ ಎಂಬುದು ಅವಳಿಗೆ ಪಾಠವಾಗಿತ್ತು. ಅಜ್ಜನಿಗೆ ಪತ್ರೊಡೆ, ಕೆಸುವಿನೆಲೆ ಗಂಟಲು ತುರಿಸದಂತೆ ಹುಳಿ ಮುಂದಾಗಿರಬೇಕು. ಅಜ್ಜಿಗೆ ಅರಸಿನ ಎಲೆಯದು, ಕಾಯಿಬೆಲ್ಲದ ಹೂರಣ ಎಲೆಯ ನಡುನರದಿಂದ ಆಚೆ ಹೋಗಬಾರದು. ತಂದೆಗೆ ಮೂಡೆ; ಅದಕ್ಕೆ ಕೇದಗೆಯ ಜಾತಿಯ ಉದ್ದನೆಯ ಎಲೆಗಳನ್ನು ತಂದು, ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುತ್ತಿ ಕೊಳವೆ ಮಾಡಬೇಕು, ಕೈ ಗೀರದೆ ಆಗುವ ಕೆಲಸವಲ್ಲ. ಅತ್ತೆಗೆ ಸೌತೆಕಾಯಿಯದು, ಸಿಹಿ; ಚಿಕ್ಕಪ್ಪನಿಗೆ ಅದೇ, ಖಾರ. ನಮ್ಮೆಲ್ಲರ ಇಷ್ಟಗಳೂ ಅವಳ ಕೈಯ ಮೇಲೆ ಗೆರೆ ಬರೆದಿದ್ದವು. ಅವಳದು ಯಾವುದೆಂದು ಕೇಳಲು ಗಯೆಯ ಒಬ್ಬ ಅಪರಿಚಿತ ಪುರೋಹಿತರು ಬೇಕಾಯಿತು. ಅವರಾದರೂ ಕೇಳಿದ್ದು ಅದನ್ನು ಕಿತ್ತುಕೊಳ್ಳುವುದಕ್ಕೆ.

ತ್ಯಾಗ ಎಂದರೆ ಇದ್ದದ್ದನ್ನು ಬಿಡುವುದು ಎಂದು ನಾವು ತಿಳಿದಿದ್ದೇವೆ. ‘ನನಗೆ ಇದು ಇಷ್ಟ’ ಎಂಬ ಮಾತನ್ನು ಎಂದೂ ಆಡಿರದವಳ ವಿಷಯದಲ್ಲಿ ಅದು ಹೇಗೆ? ನನಗಾದರೋ ಇಷ್ಟಗಳ ದೊಡ್ಡ ದಾಸ್ತಾನಿತ್ತು. ಒಂದು ಹೋದರೆ ಹತ್ತು. ಆದರೂ ಒಂದನ್ನೂ ಕೊಡದೆ, ದಾಸ್ತಾನಿನಲ್ಲೇ ಇಲ್ಲದ ನವಿಲುಕೋಸನ್ನು ಎರವಲು ತಂದು ಕೊಟ್ಟೆ. ಅವಳ ಬಳಿ ಇದ್ದದ್ದು ಒಂದೇ. ಅದೂ ಆ ಘಳಿಗೆಯಲ್ಲಿ ಹುಟ್ಟಿದ್ದು. ಅದನ್ನೇ ಕೊಟ್ಟಳು. ಪ್ರಾಮಾಣಿಕತೆ ಎಂದರೆ ಇದು ಎಂದು ಮೆಚ್ಚಬೇಕೆ? ಇಂಥ ಪ್ರಾಮಾಣಿಕತೆಯನ್ನು ಮೆಚ್ಚುವ ಹಕ್ಕು ನಮಗುಂಟೆ? ಅವಳಿಗೂ ನನ್ನ ಹಾಗೆ ನವಿಲುಕೋಸು ಬಿಡುವ ಜಾಣತನ ಇದ್ದಿದ್ದರೆ ಎಂದು ಈಚೆಗೆ ನನಗೆ ಅನ್ನಿಸುತ್ತದೆ. ನಾನು ನಾಚಿಕೆಪಟ್ಟದ್ದು ಮೋಸಕ್ಕಾಗಿ. ಆದರೆ ಮೋಸ ಮಾಡಬಲ್ಲವನಿಗೆ ತನ್ನ ಇಷ್ಟ ಯಾವುದೆಂದು ಗೊತ್ತಿರಬೇಕು, ಅದನ್ನು ಕಾಪಾಡಿಕೊಳ್ಳಬೇಕೆಂಬ ಹಂಬಲವಿರಬೇಕು. ಅಷ್ಟಾದರೂ ಅವಳಿಗೆ ದಕ್ಕಬಾರದಿತ್ತೆ?

ಇದನ್ನೆಲ್ಲ ನಾನು ಅವಳಿಗೆ ಹೇಳಲು ಹೋಗಿ ಒಮ್ಮೆ ಬೈಸಿಕೊಂಡೆ. ವ್ರತವನ್ನು ಈಗ ಮುರಿದರೂ ದೋಷವಿಲ್ಲ, ವಯಸ್ಸಾದವರಿಗೆ ಶಾಸ್ತ್ರವೇ ರಿಯಾಯಿತಿ ಕೊಡುತ್ತದೆ ಎಂದು ಪಂಡಿತನಂತೆ ಶುರುಮಾಡಿದ್ದೆ. “ನಿಂಗೆ ಬೇಕಿದ್ರೆ ತಿನ್ನ್. ನಂದ್ ನಿಂಗೆಂತಕೆ?” ಎಂದಳು. ಅಲ್ಲಿಗೆ ನಿಂತೆ. ಮೂವತ್ತೈದು ವರ್ಷ ಕಾದದ್ದನ್ನು ಮಗನ ಪಶ್ಚಾತ್ತಾಪಕ್ಕೆ ಮದ್ದಾಗಲೆಂದು ಅವಳು ಏಕೆ ಮುರಿಯಬೇಕು? ಕೇಳದೆ ಕೊಡುವುದು ಹೇಗೆ ತಪ್ಪೋ, ಬೇಡವೆಂದವರಿಗೆ ಬಡಿಸುವುದೂ ಹಾಗೆಯೇ. ಮೊದಲನೆಯ ತಪ್ಪಿನಲ್ಲಿ ನಾವು ಅವಳ ಇಷ್ಟವನ್ನು ಕೇಳಲಿಲ್ಲ. ಎರಡನೆಯದರಲ್ಲಿ ಕೇಳಿ ಉತ್ತರವನ್ನು ಒಪ್ಪುವುದಿಲ್ಲ.

ಒಂದು ಸಂಗತಿ ಮಾತ್ರ ನಾನು ತಡವಾಗಿ ಗಮನಿಸಿದ್ದು. ಬಿಟ್ಟದ್ದು ಹಣ್ಣನ್ನೋ, ಕಾಯಿ ಬೀಜ ಹಪ್ಪಳಗಳನ್ನೂ ಸೇರಿಸಿಯೋ ಎಂಬ ಬಗ್ಗೆ ಊರ ಹಿರಿಯರಲ್ಲಿ ಆಗ ದೊಡ್ಡ ಜಿಜ್ಞಾಸೆ ನಡೆದಿತ್ತಂತೆ. ಹಣ್ಣೆಂದರೆ ಹಣ್ಣು ಮಾತ್ರ, ಗುಜ್ಜೆಗೆ ಅಡ್ಡಿಯಿಲ್ಲ ಎಂದು ಬಲ್ಲವರೊಬ್ಬರು ಹೇಳಿದರಂತೆ. ಅಮ್ಮ ಒಪ್ಪಲಿಲ್ಲ. ಹಣ್ಣಾಗುವುದೂ ಅದೇ ಅಲ್ಲವೆ ಎಂದು ಎಲ್ಲವನ್ನೂ ಬಿಟ್ಟಳು. ಉಳಿದದ್ದು ಎಲೆ. ಕೊಟ್ಟೆ ಕಡುಬಿಗೆ ಹಲಸಿನ ಎಲೆಯೇ ಬೇಕಲ್ಲ. ಎಲೆಗೆ ದೋಷವಿಲ್ಲ ಎಂದು ಅವಳೇ ತೀರ್ಮಾನ ಮಾಡಿಕೊಂಡಳು. ಅದನ್ನು ಯಾರನ್ನೂ ಕೇಳಲಿಲ್ಲ.

ಈ ಆಷಾಢದಲ್ಲಿ ಒಂದು ಬೆಳಿಗ್ಗೆ ನನ್ನ ಹೆಂಡತಿ ಕೊಟ್ಟೆ ಕಡುಬು ಮಾಡಿದಳು. ನಾಲ್ಕು ನಾಲ್ಕು ಎಲೆ ಸೇರಿಸಿ, ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟಿಕೊಟ್ಟವಳು ಅಮ್ಮನೇ. ಕಣ್ಣು ಮಂಜಾದರೂ ಬೆರಳಿಗೆ ದಾರಿ ಗೊತ್ತು. ಎಲ್ಲರೂ ಕಡುಬನ್ನು ಬಿಡಿಸಿಕೊಂಡು ಎಲೆಯನ್ನು ಬದಿಗೆ ಎಸೆದು ಚಟ್ನಿಯ ಕಡೆಗೆ ತಿರುಗಿದ್ದೆವು. ಅಮ್ಮ ಮಾತ್ರ ಬಿಡಿಸಿದ ಕೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದರೊಳಗಿನ ಹಬೆ ಆರುವ ಮೊದಲು ಮುಖದ ಹತ್ತಿರಕ್ಕೆ ತಂದು, ಕಣ್ಣು ಮುಚ್ಚಿದಳು. ನನ್ನ ಮಗಳು “ಎಂತ ಮಾಡ್ತಿದ್ದ್ರಿ ಅಜ್ಜಿ?” ಎಂದು ಕೇಳಿದಳು. “ಎಂತ ಇಲ್ಲ, ಎಲೆ ಚೆಂದ ಬೆಂದಿತಾ ಕಂಡದ್ದ್” ಎಂದು ಅಮ್ಮ ಕೊಟ್ಟೆಯನ್ನು ಮಡಿಸಿ ಕೆಳಗಿಟ್ಟಳು.